ನೀರು ಎಲ್ಲಿದೆ ಎಂದು ಮೊದಲು ಕೇಳಿ: ಬಂಡೀಪುರದ ಒಣಕಾಡಿಗೆ ಹೊರಟವರಿಗೆ

(ಚಾರಣಾಸಕ್ತರ ಮುಂದೆ ಆಡಿದ ಮಾತುಗಳ ಬರಹ ರೂಪ)

ಎಲ್ಲರಿಗೂ ನಮಸ್ಕಾರ.

ಬಂಡೀಪುರಕ್ಕೆ ಹೊರಟವರು ಸಾಮಾನ್ಯವಾಗಿ ಎರಡು ಪ್ರಶ್ನೆ ಕೇಳುತ್ತಾರೆ. ಹುಲಿ ಕಾಣುತ್ತದೆಯೇ? ಕಾಡೊಳಗೆ ನಡೆದಾಡಬಹುದೇ? ಎರಡನೆಯದಕ್ಕೆ ಉತ್ತರ ಸುಲಭ: ಆಗುವುದಿಲ್ಲ. ರಾಷ್ಟ್ರೀಯ ಉದ್ಯಾನದೊಳಗೆ ಪ್ರವಾಸಿಗರು ಗಾಡಿಯಿಂದ ಕೆಳಗಿಳಿಯುವಂತಿಲ್ಲ. ನಡೆಯಬೇಕೆನಿಸಿದರೆ ಅದಕ್ಕೆ ಬೇರೆ ಜಾಗ ಇದೆ, ಆಮೇಲೆ ಹೇಳುತ್ತೇನೆ. ಮೊದಲನೆಯ ಪ್ರಶ್ನೆಗೆ ಉತ್ತರ ಹೇಳುವ ಮೊದಲು ಇನ್ನೊಂದು ಪ್ರಶ್ನೆ ಕೇಳಬೇಕಾಗುತ್ತದೆ: ಈ ವಾರ ಕಾಡಿನಲ್ಲಿ ನೀರು ಎಲ್ಲಿದೆ? ಒಣಕಾಡಿನಲ್ಲಿ ಯಾವ ಪ್ರಾಣಿ ಯಾವಾಗ ಎಲ್ಲಿರುತ್ತದೆ ಎಂಬುದಕ್ಕೆ ಇದಕ್ಕಿಂತ ದೊಡ್ಡ ಸುಳಿವು ಇಲ್ಲ.

ಮೈಸೂರು ಅರಸರ ಕಾಲದಲ್ಲಿ ಇದು ವೇಣುಗೋಪಾಲ ವನ್ಯಜೀವಿ ಉದ್ಯಾನ. 1973ರಲ್ಲಿ ಹುಲಿ ಯೋಜನೆ ಶುರುವಾದಾಗ ದೇಶದ ಮೊದಲ ಒಂಬತ್ತು ಹುಲಿ ಮೀಸಲುಗಳಲ್ಲಿ ಬಂಡೀಪುರವೂ ಒಂದು. 2022ರ ಅಂದಾಜಿನಲ್ಲಿ ಇಲ್ಲಿ 150 ಹುಲಿ. ಆಗ ಅದಕ್ಕಿಂತ ಹೆಚ್ಚು ಹುಲಿ ಇದ್ದ ಮೀಸಲು ಉತ್ತರಾಖಂಡದ ಕಾರ್ಬೆಟ್ ಒಂದೇ, 260. ಈ ಅಂಕಿ ನೋಡಿ ಯಾರೂ ಖಾತ್ರಿ ಮಾಡಿಕೊಳ್ಳಬೇಡಿ. ಹುಲಿ ಮೀಸಲಿನ ಒಳವಲಯದಲ್ಲಿ ಶೇ. 20ಕ್ಕಿಂತ ಹೆಚ್ಚು ಜಾಗವನ್ನು ಪ್ರವಾಸಕ್ಕೆ ಬಿಡುವಂತಿಲ್ಲ ಎಂಬುದು ನಿಯಮ. ಇಲ್ಲಿ ಸಫಾರಿಗೆ ತೆರೆದಿರುವುದು ಅದರಲ್ಲೂ ಸಣ್ಣ ಭಾಗ. ಉಳಿದ ಕಾಡಿನ ಹುಲಿಗಳಿಗೂ ನಿಮ್ಮ ಟಿಕೆಟ್ಟಿಗೂ ಸಂಬಂಧವಿಲ್ಲ.

ಈಗ ಕಾಡಿನ ಸ್ವಭಾವಕ್ಕೆ ಬರೋಣ. ಮುಂಗಾರು ಮೋಡ ತನ್ನ ಬಹುಪಾಲು ನೀರನ್ನು ವಯನಾಡಿನ ಕಡೆಯ ಬೆಟ್ಟಗಳ ಮೇಲೆ ಸುರಿದು, ಮಿಕ್ಕಿದ್ದನ್ನು ಬಂಡೀಪುರಕ್ಕೆ ತರುತ್ತದೆ. ಆದ್ದರಿಂದ ಪಶ್ಚಿಮದಲ್ಲಿ, ಕೇರಳದ ಮುತ್ತಂಗದ ಕಡೆಗೆ, ತೇಗ ಮತ್ತು ಬಿದಿರಿನ ಎತ್ತರದ ಕಾಡಿದೆ. ಪೂರ್ವಕ್ಕೆ ಸರಿದಂತೆ ಮರಗಳು ಗಿಡ್ಡವಾಗುತ್ತವೆ, ಮೋಯಾರ್ ನದಿಯ ಕಣಿವೆಯಂಚಿನಲ್ಲಿ ಮುಳ್ಳಿನ ಕುರುಚಲಾಗುತ್ತದೆ. ನಡುವಿನದು ಅಪ್ಪಟ ಎಲೆ ಉದುರುವ ಕಾಡು. ಎರಡು ಮರಗಳನ್ನು ಗುರುತಿಸಲು ಕಲಿತರೆ ಅರ್ಧ ಕಾಡು ಪರಿಚಯವಾದಂತೆ. ನುಣುಪಾದ ಬೂದುಬಿಳಿ ತೊಗಟೆಯದು ದಿಂಡಿಗ. ಮೊಸಳೆ ಬೆನ್ನಿನಂತೆ ಚೌಕ ಚೌಕವಾಗಿ ಸೀಳಿದ ಕಪ್ಪು ತೊಗಟೆಯದು ಮತ್ತಿ. ಬೇಸಿಗೆಯಲ್ಲೂ ಕೆಲವು ಮತ್ತಿ ಮರಗಳ ಕಾಂಡದಲ್ಲಿ ನೀರು ಕೂಡಿರುತ್ತದೆ. ಇವುಗಳ ನಡುವೆ ಹೊನ್ನೆ, ಬೀಟೆ, ನೆಲ್ಲಿ, ಕಕ್ಕೆ, ಮುತ್ತುಗ.

ಜನವರಿಯಿಂದ ಎಲೆ ಉದುರಲು ತೊಡಗುತ್ತದೆ. ಎಲೆ ಇದ್ದರೆ ಅದರ ಮೂಲಕ ನೀರು ಆವಿಯಾಗುತ್ತಲೇ ಇರುತ್ತದೆ. ಮಣ್ಣಿನಲ್ಲಿ ಪಸೆ ಇಲ್ಲದ ಮೂರು ನಾಲ್ಕು ತಿಂಗಳು ಎಲೆಯನ್ನೇ ಬಿಟ್ಟುಕೊಟ್ಟರೆ ಮರಕ್ಕೆ ಉಳಿಗಾಲ. ಬೋಳುಮರ ನೋಡಿ ಕಾಡು ಸತ್ತಿದೆ ಎಂದು ಬೇಸರಪಡುವವರು ಫೆಬ್ರವರಿಯಲ್ಲಿ ಮುತ್ತುಗದ ಕಡೆ ನೋಡಲಿ. ಒಂದೂ ಎಲೆಯಿಲ್ಲದ ಕೊಂಬೆ ತುಂಬ ಕೆಂಡದ ಬಣ್ಣದ ಹೂ, ಅದರ ಮೇಲೆ ಮಕರಂದಕ್ಕೆ ಜಗಳವಾಡುವ ಹಕ್ಕಿಗಳ ಹಿಂಡು.

ಯಾವ ತಿಂಗಳು ಹೋಗಬೇಕು ಎಂಬುದಕ್ಕೆ ಇಷ್ಟು ಹಿನ್ನೆಲೆ ಸಾಕು. ಪ್ರಾಣಿ ನೋಡುವುದೇ ಮುಖ್ಯವಾದರೆ ಫೆಬ್ರವರಿ ಮಧ್ಯದಿಂದ ಏಪ್ರಿಲ್ ಆರಂಭದವರೆಗೆ. ಎಲೆ ಇಲ್ಲ, ಹುಲ್ಲು ಒಣಗಿ ಬಾಗಿದೆ, ಕಣ್ಣು ದೂರದವರೆಗೆ ಹೋಗುತ್ತದೆ. ಸಣ್ಣ ಹೊಂಡಗಳು ಬತ್ತಿ ಪ್ರಾಣಿಗಳು ಉಳಿದ ಕೆರೆಗಳಿಗೆ ಬರಲೇಬೇಕು. ಇಲಾಖೆ ಕೆಲವು ಕಡೆ ಸೌರಶಕ್ತಿಯ ಪಂಪಿನಿಂದ ಕೊಳವೆಬಾವಿ ನೀರೆತ್ತಿ ಕೆರೆ ತುಂಬಿಸುತ್ತದೆ. ಅಂಥ ಕೆರೆಯ ಬಳಿ ಗಾಡಿ ಹತ್ತು ನಿಮಿಷ ಸುಮ್ಮನೆ ನಿಂತರೆ, ಇಪ್ಪತ್ತು ಕಿಲೋಮೀಟರ್ ಸುತ್ತಿದ್ದಕ್ಕಿಂತ ಹೆಚ್ಚು ಕಾಣುತ್ತದೆ. ಚಾಲಕರಿಗೆ ಇದು ಗೊತ್ತು. ಹಿಂದಿನ ಸೀಟಿನಿಂದ "ಮುಂದೆ ಹೋಗೋಣ ಸಾರ್" ಎಂದು ಅವಸರಪಡಿಸುವವರು ನಾವೇ.

ಇದೇ ತಿಂಗಳುಗಳಿಗೆ ಒಂದು ಅಪಾಯವೂ ಅಂಟಿಕೊಂಡಿದೆ. ಉದುರಿದ ಎಲೆ, ಒಣಹುಲ್ಲು, ಲಂಟಾನ ಎಂಬ ಹೊರದೇಶದ ಪೊದೆಯ ಒಣಕಡ್ಡಿ ಸೇರಿದರೆ ಒಂದು ಕಿಡಿ ಸಾಕು. 2019ರ ಫೆಬ್ರವರಿಯಲ್ಲಿ ಬಂಡೀಪುರದಲ್ಲಿ ಹತ್ತು ಸಾವಿರ ಎಕರೆಗೂ ಹೆಚ್ಚು ಕಾಡು ಸುಟ್ಟಿತು, ಸಫಾರಿ ನಿಂತಿತು. ಹಿಂದೆ ನೆಲದ ಮೇಲೆ ಹರಿದು ಹೋಗುತ್ತಿದ್ದ ಬೆಂಕಿ ಲಂಟಾನ ಬಂದ ಮೇಲೆ ಆಳೆತ್ತರದ ಪೊದೆಯನ್ನು ಏಣಿ ಮಾಡಿಕೊಂಡು ಮರದ ತಲೆಗೆ ಏರುತ್ತದೆ. ರಸ್ತೆಯ ಎರಡೂ ಬದಿ ಬೋಳಿಸಿ ಸುಟ್ಟ ಪಟ್ಟಿ ಕಂಡರೆ ಕಾಡಿಗೆ ಯಾರೋ ಬೆಂಕಿ ಇಟ್ಟಿದ್ದಾರೆಂದು ಫೋಟೊ ಹಾಕಬೇಡಿ. ಅದು ಬೆಂಕಿ ದಾಟದಿರಲೆಂದು ಇಲಾಖೆಯೇ ಬೇಸಿಗೆಗೆ ಮೊದಲು ಮಾಡಿಟ್ಟ ಬೆಂಕಿರೇಖೆ.

ಏಪ್ರಿಲ್ ಮುಗಿಯುವ ಹೊತ್ತಿಗೆ ಲೆಕ್ಕ ತಲೆಕೆಳಗಾಗುತ್ತದೆ. "ಭರಣಿ ಮಳೆ, ಧರಣಿ ಬೆಳೆ" ಎನ್ನುತ್ತಾರಲ್ಲ, ರೈತರಿಗೆ ಹಿಗ್ಗು ತರುವ ಆ ಮಳೆ ಕೆರೆದಂಡೆಯಲ್ಲಿ ಕಾಯುವವರಿಗೆ ನಿರಾಸೆ ತರುತ್ತದೆ. ಒಂದು ಹದವಾದ ಮಳೆ ಬಿದ್ದರೆ ಕಾಡಿನ ಪ್ರತಿ ತಗ್ಗಿನಲ್ಲೂ ನೀರು ನಿಲ್ಲುತ್ತದೆ. ಆಮೇಲೆ ಪ್ರಾಣಿಗೆ ಕೆರೆಗೆ ಬರುವ ಹಂಗಿಲ್ಲ. "ಕಳೆದ ವಾರ ಹೋದವರಿಗೆ ಇಪ್ಪತ್ತು ಆನೆ ಸಿಕ್ಕವಂತೆ, ನಮಗೆ ಒಂದೂ ಇಲ್ಲ" ಎಂಬ ದೂರಿನ ಹಿಂದೆ ಹೆಚ್ಚಾಗಿ ಇರುವುದು ನಡುವೆ ಬಿದ್ದ ಮಳೆ. ಆದರೆ ಅದೇ ಮಳೆಯಾಗಿ ಎಂಟು ಹತ್ತು ದಿನಕ್ಕೆ ಹಸಿಹುಲ್ಲು ಚಿಗುರುತ್ತದೆ. ಆಗ ಕೆರೆ ಬಿಟ್ಟು ರಸ್ತೆಬದಿಯ ಬಯಲುಗಳನ್ನು ನೋಡಬೇಕು. ಬಿಳಿ ಕಾಲುಚೀಲ ತೊಟ್ಟಂತಿರುವ ಕಾಟಿಗಳು, ಅಂದರೆ ಕಾಡೆಮ್ಮೆಗಳು, ಜಿಂಕೆ ಹಿಂಡುಗಳು ಅಲ್ಲಿರುತ್ತವೆ.

ಬೇಸಿಗೆಯ ಆನೆಗಳನ್ನೇ ನೋಡಬೇಕೆನ್ನುವವರು ಬಂಡೀಪುರಕ್ಕಿಂತ ಕಬಿನಿ ಹಿನ್ನೀರನ್ನು ಆರಿಸಿಕೊಳ್ಳುವುದು ಒಳ್ಳೆಯದು. ಜಲಾಶಯದ ನೀರು ಇಳಿದಂತೆ ಬಯಲಾಗುವ ದಂಡೆಯಲ್ಲಿ ಹಸಿಹುಲ್ಲು ಬೆಳೆಯುತ್ತದೆ, ಸುತ್ತಲ ಕಾಡುಗಳ ಆನೆ ಅಲ್ಲಿಗೆ ಇಳಿಯುತ್ತವೆ. ದೊಡ್ಡ ಆನೆಗೆ ದಿನಕ್ಕೆ ನೂರು ಲೀಟರಿಗೂ ಮಿಕ್ಕಿ ನೀರು, ಒಂದೂವರೆ ಕ್ವಿಂಟಲ್ ಮೇವು ಬೇಕು. ಬತ್ತಿದ ಕಾಡಿನಲ್ಲಿ ಅದು ಒಂದೇ ಕಡೆ ಸಿಗುವ ಜಾಗ ಇಂಥವೇ.

ಮಳೆಗಾಲದಲ್ಲಿ ಹೋಗಬಾರದೆಂದಿಲ್ಲ. ಕಾಡು ಚೆಂದ, ಜನ ಕಡಿಮೆ. ಹುಲ್ಲು ಎದೆಯೆತ್ತರ ಬೆಳೆದಿರುತ್ತದೆ, ಪ್ರಾಣಿ ಚದುರಿರುತ್ತವೆ, ಅಷ್ಟೆ. ಡಿಸೆಂಬರ್, ಜನವರಿಯ ಬೆಳಗಿನ ಸಫಾರಿಗೆ ಮಾತ್ರ ಸ್ವೆಟರ್ ಮತ್ತು ಕಿವಿ ಮುಚ್ಚುವ ಟೋಪಿ ಖಂಡಿತ ಬೇಕು. ತೆರೆದ ಜೀಪಿನಲ್ಲಿ ಗಾಳಿಗೆ ಮುಖ ಕೊಟ್ಟು ಕೂತವರಿಗೆ ಏಳು ಗಂಟೆಯವರೆಗೆ ಪ್ರಾಣಿ ನೋಡುವ ಉತ್ಸಾಹವೇ ಇರುವುದಿಲ್ಲ.

ಸಫಾರಿಯ ಏರ್ಪಾಟಿನ ಬಗ್ಗೆ. ಬೆಂಗಳೂರಿನಿಂದ ಸುಮಾರು 220 ಕಿ.ಮೀ., ಮೈಸೂರಿನಿಂದ ಸುಮಾರು 80. ಇಲಾಖೆಯ ಸಫಾರಿ ಹೊರಡುವ ಜಾಗ ಹಳೆಯ ಬಂಡೀಪುರ ಆವರಣದಿಂದ ಗುಂಡ್ಲುಪೇಟೆ ಕಡೆಯ ಮೇಲುಕಾಮನಹಳ್ಳಿಗೆ ಬಂದಿದೆ. ಹಳೆಯ ನೆನಪಿನಲ್ಲಿ ನೇರ ಒಳಗೆ ಹೋದವರು ಸಮಯ ತಪ್ಪಿಸಿಕೊಳ್ಳುತ್ತಾರೆ. ಕಾಡಿನ ಮೂಲಕ ಊಟಿಗೂ ವಯನಾಡಿಗೂ ಹೋಗುವ ಎರಡೂ ಹೆದ್ದಾರಿಗಳಲ್ಲಿ ರಾತ್ರಿ 9ರಿಂದ ಬೆಳಗ್ಗೆ 6ರವರೆಗೆ ಸಾಮಾನ್ಯ ವಾಹನಗಳಿಗೆ ದಾರಿಯಿಲ್ಲ. 2009ರಿಂದ ಇರುವ ಈ ನಿರ್ಬಂಧವನ್ನು ಹೈಕೋರ್ಟ್ ಎತ್ತಿಹಿಡಿದಿದೆ. ಊಟಿಯಿಂದ ಹಿಂತಿರುಗಿ ಬರುವಾಗ ಸಫಾರಿ ಮುಗಿಸೋಣ ಎಂದುಕೊಂಡವರು ಈ ಗಡಿಯಾರವನ್ನು ಮರೆಯಬಾರದು. ಹೊರಡುವ ಎರಡು ದಿನ ಮೊದಲು ಸಫಾರಿ ನಡೆಯುತ್ತಿದೆಯೇ ಎಂದು ವಿಚಾರಿಸಿಕೊಳ್ಳುವುದೂ ಅಗತ್ಯ. ಕಾಡಂಚಿನಲ್ಲಿ ಹುಲಿ ದಾಳಿಗೆ ಜನ ಸತ್ತ ಹಿನ್ನೆಲೆಯಲ್ಲಿ 2025ರ ನವೆಂಬರ್‌ನಲ್ಲಿ ಬಂಡೀಪುರ, ನಾಗರಹೊಳೆ ಎರಡರಲ್ಲೂ ಸಫಾರಿ ನಿಲ್ಲಿಸುವ ಆದೇಶ ಹೊರಟಿತ್ತು. ದರ, ವೇಳೆ ಕೂಡ ಬದಲಾಗುತ್ತಲೇ ಇರುತ್ತವೆ.

ಜೀಪೋ ಬಸ್ಸೋ? ಜೀಪಿನಲ್ಲಿ ಗದ್ದಲ ಕಡಿಮೆ, ನಿಲ್ಲಿಸಲು ಸುಲಭ. ಆದರೆ ಬಸ್ಸನ್ನು ಕೀಳಾಗಿ ಕಾಣಬೇಡಿ. ಬಂಡೀಪುರದಲ್ಲಿ ಲಂಟಾನ ಎಷ್ಟು ದಟ್ಟವೆಂದರೆ ಜೀಪಿನ ಸೀಟಿನಿಂದ ಪೊದೆಯ ಮುಖವಷ್ಟೇ ಕಾಣುವ ಕಡೆ, ಬಸ್ಸಿನ ಕಿಟಕಿಯಿಂದ ಪೊದೆಯ ಆಚೆ ನಿಂತ ಕಡವೆಯ ಕೊಂಬು ಕಾಣುತ್ತದೆ. ಬಸ್ಸಿನ ನಿಜವಾದ ತೊಂದರೆ ಒಳಗಿನ ಮಾತು. ಪಕ್ಕದವರಿಗೆ ಹುಲಿ ತೋರಿಸುವಾಗ ಕೂಗಿದರೆ ಹಿಂದಿನ ಮೂರು ಸಾಲಿಗೆ ಹುಲಿಯ ಬಾಲ ಮಾತ್ರ ಸಿಗುತ್ತದೆ. 8x42 (ಎಂಟು ಪಟ್ಟು ಹಿಗ್ಗಿಸಿ ತೋರಿಸುವ, 42 ಮಿ.ಮೀ. ಮಸೂರದ) ಬೈನಾಕ್ಯುಲರ್ ಒಂದಿದ್ದರೆ ದುಬಾರಿ ಕ್ಯಾಮೆರಾಕ್ಕಿಂತ ಹೆಚ್ಚು ಉಪಯೋಗ. ಬಿಳಿ, ಕಡುಕೆಂಪು ಬಟ್ಟೆ ಬೇಡ, ಸೆಂಟು ಬೇಡ.

ಕಣ್ಣಿಗಿಂತ ಕಿವಿಗೆ ಹೆಚ್ಚು ಕೆಲಸ ಕೊಡಿ. ಹುಲಿ, ಚಿರತೆಯನ್ನು ನಾವು ಹುಡುಕುವುದು ಅಪರೂಪ. ಅವನ್ನು ಕಂಡ ಬೇರೆ ಪ್ರಾಣಿ ಕೂಗುತ್ತದೆ, ನಾವು ಆ ಕಡೆ ಹೋಗುತ್ತೇವೆ. ಈ ಕೂಗುಗಳಿಗೆಲ್ಲ ಒಂದೇ ಬೆಲೆ ಇಲ್ಲ. ಜಿಂಕೆಯದು ಚುರುಕಾದ ಸಿಳ್ಳೆಯಂಥ ಕೂಗು. ಅದು ಸೀಳುನಾಯಿಗೂ ಕೂಗುತ್ತದೆ, ಏನೋ ಅಲ್ಲಾಡಿದ್ದಕ್ಕೂ ಕೂಗುತ್ತದೆ. ಒಂದೆರಡು ಸಲ ಕೂಗಿ ಮತ್ತೆ ಮೇಯಲು ಬಗ್ಗಿದರೆ ಬಿಟ್ಟುಬಿಡಿ. ಕಡವೆ ಸುಮ್ಮಸುಮ್ಮನೆ ಕೂಗುವ ಪ್ರಾಣಿಯಲ್ಲ. ಅದು ಬಾಲ ಎತ್ತಿ, ಮುಂಗಾಲನ್ನು ನೆಲಕ್ಕೆ ಬಡಿಯುತ್ತ, ತಗ್ಗಿನ ಗಟ್ಟಿ ದನಿಯಲ್ಲಿ ಬಿಟ್ಟುಬಿಟ್ಟು ಕೂಗುತ್ತಿದ್ದರೆ ಗಾಡಿ ನಿಲ್ಲಿಸಿ ಎಂಜಿನ್ ಆರಿಸಿ ಕಾಯುವುದು ಸಾರ್ಥಕ. ಎಲ್ಲಕ್ಕಿಂತ ಒಳ್ಳೆಯ ಸಾಕ್ಷಿ ಮರದ ಮೇಲಿನ ಮುಸುವ, ಅಂದರೆ ಕರಿಮೂತಿಯ ಮಂಗ. ಅದು ಖಕ್ ಖಕ್ ಎಂದು ಕೆಮ್ಮುವಾಗ ಯಾವ ಕಡೆ ನೋಡುತ್ತಿದೆ ಎಂಬುದನ್ನು ಗಮನಿಸಿ. ಅದರ ಮುಖ ನಿಧಾನಕ್ಕೆ ಎಡದಿಂದ ಬಲಕ್ಕೆ ತಿರುಗುತ್ತಿದ್ದರೆ ಕೆಳಗಿರುವ ಪ್ರಾಣಿ ನಡೆಯುತ್ತಿದೆ. ಆ ಪ್ರಾಣಿ ಗಾಡಿ ಓಡುವ ರಸ್ತೆಯನ್ನು ಎಲ್ಲಿ ದಾಟೀತು ಎಂಬುದನ್ನು ಅನುಭವಸ್ಥ ಚಾಲಕರು ಅದರಿಂದಲೇ ಅಂದಾಜು ಮಾಡುತ್ತಾರೆ.

ಹೆದ್ದಾರಿಯಲ್ಲಿ ಆನೆ ಸಿಕ್ಕರೆ? ದೂರದಲ್ಲೇ ನಿಲ್ಲಿ, ಹಿಂದೆ ಸರಿಯಲು ಜಾಗ ಉಳಿಸಿಕೊಳ್ಳಿ, ಹಾರನ್ ಮುಟ್ಟಬೇಡಿ. ಕಿವಿ ಆಡಿಸುತ್ತ ಮೇಯುತ್ತಿರುವ ಆನೆ ನೆಮ್ಮದಿಯಲ್ಲಿದೆ. ಆಡುತ್ತಿದ್ದ ಕಿವಿ ಸ್ತಬ್ಧವಾಗಿ, ತಲೆ ಎತ್ತಿ ನಿಮ್ಮನ್ನೇ ನೋಡಲು ಶುರು ಮಾಡಿದರೆ ನೀವು ಹತ್ತಿರ ಬಂದಿದ್ದೀರಿ ಎಂದರ್ಥ. ಕಣ್ಣು ಕಿವಿಯ ನಡುವಿನಿಂದ ಕೆನ್ನೆಯ ಮೇಲೆ ಕಪ್ಪಾಗಿ ಒಸರುತ್ತಿದ್ದರೆ ಅದು ಮದ. ಅಂಥ ಸಲಗದ ಎದುರು ಯಾವ ಲೆಕ್ಕಾಚಾರವೂ ನಡೆಯದು, ಹಿಂದೆ ಹೋಗುವುದೊಂದೇ ದಾರಿ. ಬಾಳೆಹಣ್ಣು, ಬಿಸ್ಕತ್ತು ಕೊಡುವವರು ಮುಂದಿನ ಗಾಡಿಯವರಿಗೆ ಅಪಾಯ ತಂದಿಡುತ್ತಿದ್ದಾರೆ. ರಸ್ತೆಯಲ್ಲಿ ತಿಂಡಿ ಸಿಗುತ್ತದೆಂದು ಕಲಿತ ಆನೆ ಗಾಡಿಗಳನ್ನು ಅಡ್ಡಹಾಕುವುದನ್ನೂ ಕಲಿಯುತ್ತದೆ.

ಉದ್ಯಾನದ ಅತಿ ಎತ್ತರದ ಜಾಗ ಹಿಮವದ್ ಗೋಪಾಲಸ್ವಾಮಿ ಬೆಟ್ಟ, 1,454 ಮೀಟರ್. ನಡೆದು ಹತ್ತಬಹುದೆಂದು ಚಾರಣದ ಬೂಟು ಹಾಕಿಕೊಂಡು ಬರುವವರಿದ್ದಾರೆ, ಬಿಡುವುದಿಲ್ಲ. ಸ್ವಂತ ಗಾಡಿ ಬುಡದಲ್ಲೇ ನಿಲ್ಲಬೇಕು, ಮೇಲಕ್ಕೆ ಸರ್ಕಾರಿ ಬಸ್ಸು. ಮಧ್ಯಾಹ್ನದೊಳಗೆ ಹೋಗಿ, ಸಂಜೆಗೆ ಮೊದಲೇ ದಾರಿ ಮುಚ್ಚುತ್ತದೆ.

ಹಾಗಾದರೆ ನಡೆಯುವುದೆಲ್ಲಿ? ಇದೇ ಚಾಮರಾಜನಗರ ಜಿಲ್ಲೆಯ ಇನ್ನೊಂದು ಒಣಕಾಡು, ಮಲೆ ಮಹದೇಶ್ವರ ವನ್ಯಜೀವಿಧಾಮದಲ್ಲಿ. 2013ರಲ್ಲಿ ಘೋಷಣೆಯಾದ ಧಾಮ ಇದು. ಮಾದಪ್ಪನ ಎಪ್ಪತ್ತೇಳು ಮಲೆಗಳಲ್ಲಿ ಒಂದಾದ ನಾಗಮಲೆಗೆ ಇಂಡಿಗನತ್ತ ಎಂಬ ಊರಿನಿಂದ ದಾರಿ ಇದೆ. ಅಲ್ಲಿಯವರೆಗೆ ಮಹದೇಶ್ವರ ಬೆಟ್ಟದ ಊರಿನಿಂದ ಸ್ಥಳೀಯ ಜೀಪು ಹೋಗುತ್ತದೆ. ಮೇಲೆ ಹೆಡೆ ಬಿಚ್ಚಿದ ಹಾವಿನಂಥ ಬಂಡೆಯ ಕೆಳಗೆ ಲಿಂಗ. ಚಾರಣಿಗರಿಗೆ ಅರಣ್ಯ ಇಲಾಖೆಯ ಆನ್‌ಲೈನ್ ಬುಕ್ಕಿಂಗ್ ಕಡ್ಡಾಯ, ದಿನಕ್ಕೆ ಇಂತಿಷ್ಟೇ ಜನ. ಶಿವರಾತ್ರಿ, ಯುಗಾದಿ, ದೀಪಾವಳಿ ಜಾತ್ರೆಗಳು ಮತ್ತು ಅಮಾವಾಸ್ಯೆಯ ಆಸುಪಾಸು ಬಿಟ್ಟು ದಿನ ಆರಿಸಿಕೊಳ್ಳಿ. "ಉಘೇ ಮಾದಪ್ಪ" ಎನ್ನುತ್ತ ಸಾವಿರಾರು ಭಕ್ತರು ಬರುವಾಗ ಕಾಡು ನೋಡುವ ಆಸೆ ಇಟ್ಟುಕೊಳ್ಳುವುದು ತಪ್ಪು. ಅದು ಅವರ ದಾರಿ, ನಾವು ಆಮೇಲೆ ಬಂದವರು. ಇದು ಬರೀ ದೇವಸ್ಥಾನದ ಗುಡ್ಡ ಎಂಬ ಅಸಡ್ಡೆಯೂ ಬೇಡ. ಆನೆ, ಕರಡಿ, ಹುಲಿ ಮೂರೂ ಇರುವ ಕಾಡಿದು. ಇದೇ ಧಾಮದ ಹೂಗ್ಯಂ ವಲಯದಲ್ಲಿ 2025ರ ಜೂನ್‌ನಲ್ಲಿ ತಾಯಿಹುಲಿಯೂ ನಾಲ್ಕು ಮರಿಗಳೂ ವಿಷಕ್ಕೆ ಬಲಿಯಾದವು.

ಒಣಕಾಡಿನ ನಡಿಗೆಗೂ ಪಶ್ಚಿಮಘಟ್ಟದ ನಡಿಗೆಗೂ ಇರುವ ವ್ಯತ್ಯಾಸ ಗೊತ್ತಿಲ್ಲದವರು ಇಲ್ಲಿ ಸೋಲುತ್ತಾರೆ. ಕುದುರೆಮುಖದಲ್ಲಿ ಹೊಳೆ ಸಿಗುತ್ತದೆ, ನೆರಳು ಸಿಗುತ್ತದೆ. ಇಲ್ಲಿ ಫೆಬ್ರವರಿಯ ನಂತರ ಎರಡನ್ನೂ ನೆಚ್ಚಬೇಡಿ. ಒಬ್ಬೊಬ್ಬರಿಗೆ ಕುಡಿಯಲು 3 ಲೀಟರ್ ನೀರು ಕನಿಷ್ಠ, ಮಾರ್ಚ್ ಆದರೆ 4. ಎಲ್ಲವನ್ನೂ ಒಬ್ಬರ ಬೆನ್ನಿಗೆ ಹೊರಿಸಬೇಡಿ, ಅವರು ಹಿಂದೆ ಬಿದ್ದರೆ ಎಲ್ಲರ ನೀರೂ ಹಿಂದೆ ಬೀಳುತ್ತದೆ. ಓಆರ್‌ಎಸ್ ಪುಡಿಯಲ್ಲಿ ಜನ ಮಾಡುವ ತಪ್ಪು ಒಂದಿದೆ: ಒಂದು ಲೀಟರಿನ ಪೊಟ್ಟಣವನ್ನು ಅರ್ಧ ಲೀಟರಿನ ಬಾಟಲಿಗೆ ಸುರಿಯುವುದು. ಉಪ್ಪು ಅತಿಯಾಗಿ ಬಾಯಾರಿಕೆ ಹೆಚ್ಚುತ್ತದೆ, ಕೆಲವರಿಗೆ ವಾಂತಿ. ಪೊಟ್ಟಣದ ಮೇಲೆ ಬರೆದಷ್ಟೇ ನೀರಿಗೆ ಕಲಸಿ. ಬೆಳಕು ಹರಿದ ಕೂಡಲೇ ಹೊರಟು ಏರು ದಾರಿಯನ್ನು ಹತ್ತು ಗಂಟೆಯೊಳಗೆ ಮುಗಿಸಬೇಕು. ತಲೆನೋವು, ತಲೆಸುತ್ತು, ಬೆವರು ನಿಂತುಹೋಗುವುದು, ಮಾತು ತೊದಲುವುದು, ಇವುಗಳಲ್ಲಿ ಯಾವುದು ಕಂಡರೂ ನಡಿಗೆ ಅಲ್ಲಿಗೆ ಸಾಕು. ನೆರಳಿಗೆ ಕರೆದೊಯ್ದು ಬಟ್ಟೆ ಸಡಿಲಿಸಿ, ಕುತ್ತಿಗೆ ಕಂಕುಳಿಗೆ ಒದ್ದೆ ಬಟ್ಟೆ ಇಟ್ಟು ಗಾಳಿ ಹಾಕಿ. ಮಾತು ತೊದಲುವ ಹಂತಕ್ಕೆ ಬಂದವರನ್ನು ತಡಮಾಡದೆ ಆಸ್ಪತ್ರೆಗೆ ಸಾಗಿಸಬೇಕು, ಬಾಯಿಗೆ ನೀರು ಸುರಿಯಬಾರದು.

ಬೀಳುವುದು ಹೆಚ್ಚಾಗಿ ಇಳಿಯುವಾಗ. ಗರಸಿನ ಮೇಲೆ ಒಣ ಎಲೆ ಹಾಸಿದ್ದರೆ ಬೂಟು ಹಿಡಿಯುವುದಿಲ್ಲ. ಹೆಜ್ಜೆ ಚಿಕ್ಕದಾಗಿರಲಿ, ಕೈಯಲ್ಲೊಂದು ಕೋಲಿರಲಿ. ಬಿಸಿಲಿಗೆ ಕಾದ ಬಂಡೆಯ ಸಂದಿಗೆ ನೋಡದೆ ಕೈ ಹಾಕಬೇಡಿ, ಉರಿಮಂಡಲ ಎಂಬ ವಿಷದ ಹಾವಿಗೆ ಅದೇ ಮನೆ. ಕಚ್ಚಿದರೆ ಬಿಗಿಯಾಗಿ ಕಟ್ಟುವುದು, ಕೊಯ್ಯುವುದು, ಹೀರುವುದು ಯಾವುದೂ ಬೇಡ. ಉಂಗುರ, ಗಡಿಯಾರ ಬಿಚ್ಚಿ, ಕೈಕಾಲು ಅಲ್ಲಾಡದಂತೆ ಇರಿಸಿ, ಪ್ರತಿವಿಷ ಇರುವ ಆಸ್ಪತ್ರೆಗೆ ಹೊತ್ತುಕೊಂಡು ಹೋಗಿ. ಬಂಡೆಯ ಚಾಚಿನಲ್ಲಿ ಹೆಜ್ಜೇನಿನ ತಟ್ಟಿಗಳು ತೂಗುತ್ತಿದ್ದರೆ ಅದರ ಕೆಳಗೆ ಊಟಕ್ಕೆ ಕೂರಬೇಡಿ, ಸಿಗರೇಟು ಹಚ್ಚುವ ಮಾತಂತೂ ಇಲ್ಲವೇ ಇಲ್ಲ.

ನಡೆಯುವಾಗ ಆನೆಯ ಸುಳಿವು ಮುಂಚಿತವಾಗಿ ಸಿಗುತ್ತದೆ, ನೋಡುವ ಅಭ್ಯಾಸ ಬೇಕು. ಲದ್ದಿ ಹಸಿಯಾಗಿ ಹೊಳೆಯುತ್ತ ಬೆಚ್ಚಗಿದ್ದರೆ ಆನೆ ಹತ್ತಿರದಲ್ಲೇ ಇದೆ. ಮುರಿದ ಕೊಂಬೆಯ ಗಾಯದಲ್ಲಿ ರಸ ಒಸರುತ್ತಿದ್ದರೂ ಹಾಗೆಯೇ. ಒಂದು ಚಿಟಿಕೆ ಧೂಳು ಬಿಟ್ಟು ಗಾಳಿ ಯಾವ ಕಡೆ ಎಂದು ನೋಡಿ. ಗಾಳಿ ನಿಮ್ಮಿಂದ ಅದರ ಕಡೆಗಿದ್ದರೆ ನಿಮ್ಮ ವಾಸನೆ ಅದಕ್ಕೆ ಮುಟ್ಟಿಯಾಗಿದೆ. ಎದುರಿನಿಂದ ಬೀಸುತ್ತಿದ್ದರೆ ಅದಕ್ಕೆ ನಿಮ್ಮ ಸುಳಿವೇ ಇಲ್ಲ, ಅಪಾಯ ಜಾಸ್ತಿ ಇರುವುದು ಆಗಲೇ. ಬಂದ ದಾರಿಯಲ್ಲೇ ಸದ್ದಿಲ್ಲದೆ ಹಿಂತಿರುಗಿ, ಸೋಲಿಗರು ದಾರಿ ತೋರುತ್ತಿದ್ದರೆ ಅವರು ಹೇಳಿದ್ದನ್ನು ಎದುರಾಡದೆ ಕೇಳಿ. ಇಳಿಜಾರಿನಲ್ಲಿ ಆನೆ ಓಡಲಾರದು ಎಂಬುದು ಸುಳ್ಳು. ಸದ್ದಿನ ಮಟ್ಟಿಗೆ ಕರಡಿಯ ವಿಷಯ ಆನೆಗೆ ತದ್ವಿರುದ್ಧ, ಅದನ್ನು ಬೆಚ್ಚಿಬೀಳಿಸಬಾರದು. ತಿರುವಿನ ಆಚೆ ಕಾಣದ ಪೊದೆದಾರಿಯಲ್ಲಿ ಮಾಮೂಲಿ ದನಿಯಲ್ಲಿ ಮಾತಾಡುತ್ತ ಹೋದರೆ ಅದೇ ಪಕ್ಕಕ್ಕೆ ಸರಿಯುತ್ತದೆ.

ಕೊನೆಗೆ ಉಣ್ಣೆಯ, ಅಂದರೆ ರಕ್ತ ಹೀರುವ ಉಣುಗಿನ ವಿಷಯ. ಆನೆ, ಹುಲಿಗೆ ಹೆದರುವವರು ಉಣ್ಣೆಯನ್ನು ಲೆಕ್ಕಕ್ಕೇ ಇಟ್ಟುಕೊಳ್ಳುವುದಿಲ್ಲ. ಒಣ ತಿಂಗಳುಗಳಲ್ಲಿ ತರಗೆಲೆಯ ಮೇಲೆ ಸಾಸಿವೆಗಿಂತ ಚಿಕ್ಕ ಉಣ್ಣೆಮರಿಗಳಿರುತ್ತವೆ. ಮಂಗನ ಕಾಯಿಲೆ ಹರಡುವುದು ಇವುಗಳಿಂದಲೇ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರಿನಲ್ಲಿ ಮೊದಲು ಗುರುತಿಸಿದ ಈ ಕಾಯಿಲೆ ಮಲೆನಾಡಿನದು ಮಾತ್ರ ಎಂದುಕೊಂಡಿದ್ದೆವು. 2012ರ ಕೊನೆಯಲ್ಲಿ ಬಂಡೀಪುರದಲ್ಲೂ ಮಂಗಗಳು ಸತ್ತವು, ಕಾಡಿನ ಕೆಲಸಗಾರರಿಗೂ ತಗಲಿತು. ತರಗೆಲೆಯ ಮೇಲೆ ನೇರ ಕೂರಬೇಡಿ. ಪ್ಯಾಂಟಿನ ತುದಿಯನ್ನು ಕಾಲುಚೀಲದೊಳಗೆ ಸೇರಿಸಿ, ಬಟ್ಟೆಯಿಂದ ಹೊರಗಿರುವ ಚರ್ಮಕ್ಕೆ ಡೆಪಾ ತೈಲದಂಥ ನಿವಾರಕ ಹಚ್ಚಿ. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಇಲಾಖೆಗೆ ತಿಳಿಸಿ. ವಾಪಸಾದ ದಿನವೇ ಬಟ್ಟೆಯನ್ನು ಬಿಸಿನೀರಿನಲ್ಲಿ ನೆನೆಸಿ, ಸೋಪು ಹಚ್ಚಿ ಸ್ನಾನ ಮಾಡಿ. ಕಂಕುಳು, ಮಂಡಿಯ ಹಿಂಭಾಗ, ಸೊಂಟದ ಪಟ್ಟಿಯ ಜಾಗ, ಕಿವಿಯ ಹಿಂದೆ ನೋಡಿಕೊಳ್ಳಿ. ಕಚ್ಚಿಕೊಂಡಿದ್ದರೆ ಬೆಂಕಿಕಡ್ಡಿ, ಸೀಮೆಎಣ್ಣೆಯ ಪ್ರಯೋಗ ಬೇಡ. ತೆಳುಮೂತಿಯ ಚಿಮಟದಿಂದ ಚರ್ಮಕ್ಕೆ ತಾಗಿ ಹಿಡಿದು ನೇರವಾಗಿ ಎಳೆಯಿರಿ. ಮುಂದಿನ ಒಂದೆರಡು ವಾರದಲ್ಲಿ ಇದ್ದಕ್ಕಿದ್ದಂತೆ ಜೋರು ಜ್ವರ, ಹಣೆಯ ನೋವು, ಮೈಕೈ ನೋವು ಬಂದರೆ ವೈದ್ಯರಿಗೆ ಹೇಳಬೇಕಾದ ಮೊದಲ ಮಾತು, ಯಾವ ಕಾಡಿಗೆ ಯಾವ ದಿನ ಹೋಗಿದ್ದಿರಿ ಎಂಬುದು. ಅದನ್ನು ಹೇಳದಿದ್ದರೆ ಪಟ್ಟಣದ ವೈದ್ಯರು ಡೆಂಗಿ ಪರೀಕ್ಷೆಗೆ ಬರೆದುಕೊಟ್ಟು ಸುಮ್ಮನಾಗುವ ಸಾಧ್ಯತೆಯೇ ಹೆಚ್ಚು.